ನವಲಗುಂದದ ಜಮಖಾನೆ

ಮನೆಯಲ್ಲಿ ಸತ್ಯನಾರಾಯಣ ಪೂಜೆಯಿರಲಿ, ಸಂಘದ ಭಜನೆಯಿರಲಿ, ಡೊಂಬಿವಲಿ-ಕಲ್ಯಾಣದ ನಾವು ಮೊದಲು ಹುಡುಕುವುದು ಜಮಖಾನೆಯನ್ನು. ಈ ಶಬ್ದ ಪಾರಸಿ ಮೂಲದ್ದು. ಅದರ ಮೇಲಿನ ಚಿತ್ತಾರದ ಕಥೆಯೂ ಅರ್ಧ ಅಲ್ಲಿಯದೇ.

ಪರ್ಶಿಯಾದ ರತ್ನಗಂಬಳಿಯಲ್ಲಿ ಹಾಸಿನ ಎಳೆಗಳಿಗೆ ಉಣ್ಣೆ ಇಲ್ಲವೆ ರೇಷ್ಮೆಯನ್ನು ಒಂದೊಂದೇ ಗಂಟಾಗಿ ಕಟ್ಟುತ್ತಾರೆ. 1539-40ರ ಪ್ರಸಿದ್ಧ ಆರ್ದಬೀಲ್ ರತ್ನಗಂಬಳಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಚದರ ಅಂಗುಲಕ್ಕೆ ಸುಮಾರು 340 ಗಂಟುಗಳಿವೆ. ಗಂಟೆಂದರೆ ಒಂದು ಚುಕ್ಕಿ. ಚುಕ್ಕಿ ಸಣ್ಣದಾದಷ್ಟೂ ಬಳ್ಳಿ ಬಳುಕುತ್ತದೆ, ಹೂವು ದುಂಡಗಾಗುತ್ತದೆ. ನಡುವೆ ದೊಡ್ಡ ಪದಕ, ಸುತ್ತ ಅಂಚಿನ ಪಟ್ಟಿಗಳು. ನಮಾಜಿನ ಹಾಸಿನಲ್ಲಾದರೆ ಮಸೀದಿಯ ಕಮಾನು. ಇಂಥ ಗಂಟಿನ ಹಾಸುಗಳು ನಮ್ಮ ವಿಜಾಪುರಕ್ಕೂ ಬಂದಿದ್ದವು. ಆಸಾರ್ ಮಹಲಿನಲ್ಲಿದ್ದ ಹದಿನೇಳನೆಯ ಶತಮಾನದವನ್ನು ಗೋಲಗುಮ್ಮಟದೆದುರಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ನವಲಗುಂದದ ನೇಕಾರರು ಮೂಲತಃ ಇದೇ ವಿಜಾಪುರದವರೆಂದೂ, ಅಲಿ ಆದಿಲಶಾಹನ ಕಾಲದಲ್ಲಿ ವಿಜಯನಗರದೊಡನೆ ಯುದ್ಧವಾದಾಗ ಊರು ಬಿಟ್ಟು ಬಂದರೆಂದೂ ಪ್ರತೀತಿ. 1565ರ ಯುದ್ಧದಲ್ಲಿ ಗೆದ್ದವರ ಪೈಕಿ ವಿಜಾಪುರವೂ ಒಂದು. ಗೆದ್ದ ಊರನ್ನು ಬಿಟ್ಟು ಹೊರಟರೇಕೆಂದು ಕೇಳಬಹುದು. ಗೆಲುವು ಸುಲ್ತಾನನದು, ಹೊಟ್ಟೆ ನೇಕಾರನದು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನವಲಗುಂದದಲ್ಲಿ ಗಂಟಿಲ್ಲ. ನಿಲುವು ಮಗ್ಗದ ಮೇಲೆ ಹತ್ತಿಯ ಬಣ್ಣದ ಹೊಕ್ಕು ಹಾಸನ್ನು ಪೂರ್ತಿ ಮುಚ್ಚುವಂತೆ ನೇಯುತ್ತಾರೆ. ಇದರಲ್ಲಿ ದುಂಡು ಗೆರೆ ಮೂಡಿಸುವುದು ಗ್ರಾಫ್ ಕಾಗದದ ಚೌಕ ತುಂಬಿ ವೃತ್ತ ಬರೆದಂತೆ: ಬಳುಕು ಮೆಟ್ಟಿಲಾಗುತ್ತದೆ. ಆದ್ದರಿಂದ ಪರ್ಶಿಯಾದ ಬಳ್ಳಿ ಇಲ್ಲಿಗೆ ಒಗ್ಗಲಿಲ್ಲ. ಅಂಚು ಉಳಿಯಿತು, ಜಾನಮಾಜಿನ ಕಮಾನು ಉಳಿಯಿತು. ನಡುವಿಗೆ ಬಂದು ಕೂತದ್ದು ಹುಟ್ಟಾ ಚೌಕವಾದ ಪಗಡೆಯ ಹಾಸು. ಜೊತೆಗೆ ನವಿಲು ಬಂದಿತು, ಕೊರಳೂ ಗರಿಯೂ ಕೋನಕೋನವಾಗಿ. ಊರ ಹೆಸರಲ್ಲೇ ನವಿಲಿರುವಾಗ ಅದು ಬಾರದೆ ಇದ್ದೀತೆ? ಇದನ್ನು ಪರ್ಶಿಯನ್ ಕಲೆಯ ಬಡ ನಕಲೆನ್ನುವವರುಂಟು, ನಾವು ಒಪ್ಪುವುದಿಲ್ಲ. ನೂಲು ಏನನ್ನು ಬಿಡುತ್ತದೋ ಅದನ್ನರಿತು ಚಿತ್ತಾರವನ್ನೇ ಬದಲಿಸಿದ ಜಾಣ್ಮೆಯಿದು. ಎತ್ತುಗಳಿಗೆ ಹೊದಿಸುವ ಗುದ್ದರ್ ಕೂಡ ಇದೇ ಕೈಗಳ ಕೆಲಸ.

ನೇಯುವವರು ಹೆಂಗಸರು, ಷೇಖ್ ಸಯ್ಯದ್ ಸಮುದಾಯದವರು. ಮಗಳು ಮದುವೆಯಾಗಿ ಹೋದ ಮನೆಗೆ ಗುಟ್ಟು ಹೋದೀತೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವುದು ಹಿಂದಿನಿಂದ ಬಂದ ವಾಡಿಕೆ. ಅಗ್ಗದ ಯಂತ್ರದ ಹಾಸುಗಳು ಪೇಟೆ ತುಂಬಿದ ಮೇಲೆ, ದಿನಗಟ್ಟಲೆ ಮಗ್ಗದ ಮುಂದೆ ಕೂರಲು ಸೊಸೆಗೂ ಮನಸ್ಸಿಲ್ಲ. ಕಲಿಯಬಹುದಾಗಿದ್ದ ಮಗಳು ಬೇರೆ ಊರು ಸೇರಿಯಾಗಿದೆ. ಗುಟ್ಟನ್ನು ಕಾಯ್ದ ವಾಡಿಕೆಯೇ ಕಸುಬಿಗೆ ಕುತ್ತಾಯಿತು. 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಿಯ ಮಾನ್ಯತೆ ಹೆಸರನ್ನು ಕಾಯಬಲ್ಲದು, ಮಗ್ಗಕ್ಕೆ ಕೈ ತರಲಾರದು.

ರಜೆಯಲ್ಲಿ ಹುಬ್ಬಳ್ಳಿಗೆ ಹೋಗುವ ವಾಚಕರು ಇನ್ನೊಂದು ಬಸ್ಸು ಹಿಡಿದರೆ ನವಲಗುಂದ. ಕೊಳ್ಳುವಾಗ ನವಿಲಿನ ಬೆನ್ನನ್ನು ಹತ್ತಿರದಿಂದ ನೋಡಿರಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.