ಸ್ಪೆಷಲೈಸ್ಡ್: ಮೌಂಟನ್ ಬೈಕ್ ಸವಾರರ ಮುನಿಸಿನ ಚರಿತ್ರೆ

ಸ್ಪೆಷಲೈಸ್ಡ್ ಬೈಸಿಕಲ್ ಕಾಂಪೊನೆಂಟ್ಸ್ ಅಮೆರಿಕದ ಕ್ಯಾಲಿಫೋರ್ನಿಯಾದ ಮೋರ್ಗನ್ ಹಿಲ್‌ನಲ್ಲಿ ಮುಖ್ಯ ಕಚೇರಿ ಇರುವ, ಜಗತ್ತಿನ ದೊಡ್ಡ ಸೈಕಲ್ ಕಂಪನಿಗಳಲ್ಲೊಂದು. ಗುಡ್ಡ ಹತ್ತಿ ಇಳಿಯುವ ಸೈಕಲನ್ನು, ಅಂದರೆ ಮೌಂಟನ್ ಬೈಕನ್ನು, ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಿಸಿ ಅಂಗಡಿಗೆ ತಂದದ್ದು ಈ ಕಂಪನಿಯೇ. ಆದರೆ ಈ ಹೆಸರು ಕೇಳಿದರೆ ಮುಖ ಸಿಂಡರಿಸುವವರು ಕೂಡ ಮೌಂಟನ್ ಬೈಕ್ ಸವಾರರಲ್ಲೇ ಇದ್ದಾರೆ. ಸೈಕಲ್ ಚೆನ್ನಾಗಿಲ್ಲ ಎಂಬುದು ಅವರ ದೂರಲ್ಲ. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ಪಿನಲ್ಲಿ ನೆಡ್ ಓವರೆಂಡ್ ಕ್ರಾಸ್‌ಕಂಟ್ರಿ ಗೆದ್ದದ್ದು ಇದೇ ಕಂಪನಿಯ ತಂಡದಿಂದ. ಜಗಳವಿರುವುದು ಪೇಟೆಂಟು, ಹೆಸರು ಮತ್ತು ವಕೀಲರ ನೋಟಿಸುಗಳ ಬಗ್ಗೆ. ನಾಲ್ಕು ಜನ ಸೇರಿ ಹಂಚಿಕೊಂಡು ಬೆಳೆಸಿದ ಒಂದು ಹವ್ಯಾಸಕ್ಕೆ, ಅದರಿಂದಲೇ ದೊಡ್ಡದಾದ ಕಂಪನಿ ಬೇಲಿ ಹಾಕಿತು ಎಂಬುದು ಈ ಮುನಿಸಿನ ಮೂಲ.

ಯಾರದೂ ಅಲ್ಲದ ಗುಡ್ಡ

1970ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಯುವಕರು ಗುಜರಿಗೆ ಹೋಗಬೇಕಿದ್ದ ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಎತ್ತಿಕೊಂಡು ಟಮಲ್ಪಾಯಿಸ್ ಬೆಟ್ಟದ ಸುತ್ತಲಿನ ಮಣ್ಣುದಾರಿಗಳಲ್ಲಿ ಇಳಿಯತೊಡಗಿದರು. ಇಂಥ ಒಂದು ಇಳಿಜಾರಿನ ಹೆಸರು ರೀಪ್ಯಾಕ್. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕಿನೊಳಗಿನ ಗ್ರೀಸು ಒಂದೇ ಇಳಿತಕ್ಕೆ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಗ್ರೀಸು ತುಂಬಬೇಕಿತ್ತು. ಹೆಸರು ಬಂದದ್ದು ಹಾಗೆ. ಅಲ್ಲಿ ಮೊದಲ ಸ್ಪರ್ಧೆ ನಡೆದದ್ದು 1976ರ ಅಕ್ಟೋಬರಿನಲ್ಲಿ. ಮರುವರ್ಷ ಜೋ ಬ್ರೀಝ್ ಈ ಓಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕೈಯಲ್ಲಿ ಬೆಸುಗೆ ಹಾಕಿದ ಫ್ರೇಮುಗಳನ್ನು ತೆಗೆದುಕೊಂಡು ‘ಮೌಂಟನ್‌ಬೈಕ್ಸ್’ ಎಂಬ ಪುಟ್ಟ ಕಂಪನಿ ತೆರೆದರು. ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಅವರ ಪ್ರಯತ್ನ ಫಲಿಸಲಿಲ್ಲ. ಆದ್ದರಿಂದಲೇ ಇಂದು ಉಡುಪಿಯ ಯಾವ ಸೈಕಲ್ ಅಂಗಡಿಯವರೂ ಯಾರ ಅಪ್ಪಣೆಯೂ ಬೇಡದೆ ‘ಎಂಟಿಬಿ’ (ಮೌಂಟನ್ ಬೈಕ್) ಎಂದು ಬೋರ್ಡು ಬರೆಸಬಹುದು. ಮುಂದಿನ ಕಥೆಯನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರುವುದು ಒಳ್ಳೆಯದು.

ಸ್ಪೆಷಲೈಸ್ಡ್ ಕಟ್ಟಿದ ಮೈಕ್ ಸಿನ್ಯರ್ಡ್ ಈ ಗುಂಪಿನವರಲ್ಲ, ಆದರೆ ದೂರದವರೂ ಅಲ್ಲ. ತನ್ನ ಫೋಕ್ಸ್‌ವ್ಯಾಗನ್ ವ್ಯಾನು ಮಾರಿದ ದುಡ್ಡಿನಲ್ಲಿ ಯುರೋಪು ಸುತ್ತಲು ಹೋದ ಆತ ಇಟಲಿಯಲ್ಲಿ ಸೈಕಲ್ ಬಿಡಿಭಾಗಗಳ ತಯಾರಕ ಚೀನೊ ಚಿನೆಲ್ಲಿಯನ್ನು ಕಂಡು, ಅವರ ಹ್ಯಾಂಡಲ್ಲು ಮತ್ತು ಸ್ಟೆಮ್ಮುಗಳನ್ನು ಕೊಂಡು ತಂದು ಕ್ಯಾಲಿಫೋರ್ನಿಯಾದ ಅಂಗಡಿಗಳಿಗೆ ಮಾರಿದರು. 1974ರಲ್ಲಿ ಶುರುವಾದ ಸ್ಪೆಷಲೈಸ್ಡ್‌ನ ಬಂಡವಾಳ ಅಷ್ಟೇ. 1976ರಲ್ಲಿ ಕಂಪನಿ ತನ್ನದೇ ಟೈರು ತಂದಿತು. ಸ್ವಲ್ಪ ಕಾಲದ ಮೇಲೆ ಸಿನ್ಯರ್ಡ್ ಫಿಷರ್-ಕೆಲ್ಲಿ ಅವರಿಂದ ರಿಚಿಯ ಕೆಲವು ಸೈಕಲ್‌ಗಳನ್ನು ಕೊಂಡರು. ಕಂಪನಿಯ ವಿನ್ಯಾಸಕಾರ ಟಿಮ್ ನೀನನ್ ರೂಪಿಸಿ, ಜಪಾನಿನಲ್ಲಿ ತಯಾರಾಗಿ, 1981ರಲ್ಲಿ 750 ಡಾಲರಿಗೆ ಮಾರುಕಟ್ಟೆಗೆ ಬಂದ ‘ಸ್ಟಂಪ್‌ಜಂಪರ್’ ರಿಚಿಯ ಸೈಕಲನ್ನು ಬಹಳ ಹೋಲುತ್ತಿತ್ತು. ಅದರ ಒಂದು ಪ್ರತಿ ಇಂದು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ.

ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇರಲಿಲ್ಲ. ಫ್ರೇಮಿನ ಕೋನಗಳಿಗೆ ಯಾರೂ ಪೇಟೆಂಟ್ ತೆಗೆದಿರಲಿಲ್ಲ. ಸ್ಟಂಪ್‌ಜಂಪರ್ ಬಾರದೆ ಹೋಗಿದ್ದರೆ ಈ ಆಟ ಬಹುಶಃ ಒಂದು ಜಿಲ್ಲೆಯ ಹುಚ್ಚಾಗಿಯೇ ಉಳಿಯುತ್ತಿತ್ತು. ಆದರೂ ಹಳೇ ಸವಾರರು ಮರೆಯದೆ ಹೇಳುವ ಮಾತೊಂದಿದೆ: ಬೇರೆಯವರ ಕೆಲಸ ನೋಡಿ ಕಲಿತು ಎದ್ದುನಿಂತ ಕಂಪನಿ ಮುಂದೆ ತನ್ನದನ್ನು ಯಾರೂ ಮುಟ್ಟದಂತೆ ಕಾವಲು ಕೂತಿತು. ಹತ್ತಿದ ಏಣಿಯನ್ನೇ ಒದ್ದರು ಅನ್ನುತ್ತೇವಲ್ಲ, ಆ ಅಸಮಾಧಾನ ಇದು.

ಒಂದು ಕೀಲಿನ ಒಡೆತನ

ಉಡುಪಿ ಜಿಲ್ಲೆಯ ಬೆಳ್ಮಣ್ ಆಸುಪಾಸಿನ ಮುರಕಲ್ಲಿನ ಇಳಿಜಾರಿನಲ್ಲಿ ಸಾದಾ ಸೈಕಲ್ ಇಳಿಸಿದವರಿಗೆ ಹಿಂಗಾಲಿಯ ಶಾಕ್ ಏಕೆ ಬೇಕು ಎಂದು ವಿವರಿಸಬೇಕಾಗಿಲ್ಲ. ಕಷ್ಟವೆಂದರೆ, ಹಿಂದಿನ ಚಕ್ರವನ್ನು ಒಂದೇ ತೋಳಿಗೆ ಕಟ್ಟಿ ಕೀಲಿನ ಮೇಲೆ ಕುಣಿಯಲು ಬಿಟ್ಟರೆ, ಬ್ರೇಕ್ ಹಿಡಿದಾಗ ಆ ಬಲ ತೋಳಿಗೂ ಹೋಗಿ ಶಾಕ್ ಬಿಗಿಯಾಗುತ್ತದೆ. ಚಕ್ರ ನೆಲವನ್ನು ಅನುಸರಿಸಲಾರದೆ ಜಿಗಿಯುತ್ತದೆ. ಆಸ್ಟ್ರಿಯಾ ಮೂಲದ, ಮೋಟಾರ್‌ಸೈಕಲ್ ಹಿನ್ನೆಲೆಯ ಹಾರ್ಸ್ಟ್ ಲೈಟ್ನರ್ ಇದಕ್ಕೊಂದು ಉಪಾಯ ಕಂಡುಕೊಂಡರು. ಚೈನಿನ ಪಕ್ಕದ ಕೆಳಗಿನ ಕಂಬಿಯಲ್ಲಿ, ಹಿಂದಿನ ಆಕ್ಸಲಿಗೆ ಸ್ವಲ್ಪ ಮುಂದೆ, ಇನ್ನೊಂದು ಕೀಲು ಇಟ್ಟರು. ಆಗ ಆಕ್ಸಲ್ಲು ಮುಖ್ಯ ತೋಳಿನಿಂದ ಬಿಡುಗಡೆಯಾಗಿ, ಬ್ರೇಕಿನ ಬಲ ಬೇರೆ ದಾರಿ ಹಿಡಿಯುತ್ತದೆ. ಪೆಡಲ್ ತುಳಿತದ ಏರಿಳಿತವನ್ನೂ ಬ್ರೇಕಿನ ಎಳೆತವನ್ನೂ ಬೇರೆಬೇರೆಯಾಗಿ ಹದಮಾಡಬಹುದು. ಸವಾರರು ಇದನ್ನು ‘ಹಾರ್ಸ್ಟ್ ಲಿಂಕ್’ ಎಂದು ಕರೆದರು.

ಸ್ಪೆಷಲೈಸ್ಡ್ ಮೊದಲು ಲೈಟ್ನರರ ಜೊತೆ ಒಪ್ಪಂದ ಮಾಡಿಕೊಂಡು 1990ರ ದಶಕದ ಆರಂಭದಲ್ಲಿ ತನ್ನ ‘ಎಫ್‌ಎಸ್‌ಆರ್’ ಸೈಕಲ್‌ಗಳಲ್ಲಿ ಈ ಕೀಲು ಬಳಸಿತು. 1998ರಲ್ಲಿ ಪೇಟೆಂಟುಗಳನ್ನೇ ಕೊಂಡುಕೊಂಡಿತು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಈ ಕೀಲು ಬೇಕಾದವರು ಸ್ಪೆಷಲೈಸ್ಡ್‌ಗೆ ಹಣ ಕಟ್ಟಬೇಕಾಯಿತು. ಕೆನಡಾದ ನೋರ್ಕೊದಂಥವರು ಕಟ್ಟಿದರು. ಟರ್ನರ್ ಎಂಬ ಸಣ್ಣ ಕಂಪನಿ 2000ರ ದಶಕದ ನಡುವೆ ಕೀಲನ್ನು ಮೇಲಿನ ಕಂಬಿಗೆ ಸರಿಸಿ ತಪ್ಪಿಸಿಕೊಂಡಿತು. ಅದರ ನಿಷ್ಠ ಗಿರಾಕಿಗಳು ಹಳೆಯದೇ ಚೆನ್ನಾಗಿತ್ತು ಎಂದು ಗೊಣಗಿದರು. ಯುರೋಪಿನಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಸೈಕಲ್‌ಗಳು ಅಮೆರಿಕಕ್ಕೆ ಬರುವಂತಿರಲಿಲ್ಲ. 2013ರ ಸುಮಾರಿಗೆ ಪೇಟೆಂಟಿನ ಅವಧಿ ಮುಗಿದದ್ದೇ ತಡ, ಹಲವು ಕಂಪನಿಗಳು ಅದೇ ಕೀಲಿನತ್ತ ಬಂದವು. ಪೇಟೆಂಟ್ ಕೊಂಡವರು ಅದನ್ನು ಬಳಸಿಕೊಂಡದ್ದು ತಪ್ಪು ಎನ್ನಲಾಗದು; ಲೈಟ್ನರರಿಗೂ ಅದರಿಂದ ಹಣ ಸಿಕ್ಕಿತು. ಇಡೀ ಪ್ರಕರಣದಲ್ಲಿ ಕಂಪನಿಯ ಪಕ್ಷ ಗಟ್ಟಿಯಾಗಿರುವುದು ಇಲ್ಲಿಯೇ.

ಹೆಸರಿಗಾಗಿ ನೋಟಿಸು

ಹೆಸರಿನ ಜಗಳಗಳಲ್ಲಿ ಆ ಪಕ್ಷ ಸಡಿಲ. ಪೋರ್ಟ್‌ಲ್ಯಾಂಡ್ ನಗರಕ್ಕೆ ‘ಸ್ಟಂಪ್‌ಟೌನ್’ ಎಂಬ ಹಳೆಯ ಅಡ್ಡಹೆಸರಿದೆ. ಅಲ್ಲಿನ ‘ಮೌಂಟನ್ ಸೈಕಲ್’ ಎಂಬ ಕಂಪನಿ ಆ ಹೆಸರಿನ ಸೈಕಲ್ ತಂದಾಗ, 2006ರಲ್ಲಿ, ಸ್ಟಂಪ್‌ಜಂಪರ್‌ಗೂ ಇದಕ್ಕೂ ಜನ ಗೊಂದಲಪಡುತ್ತಾರೆ ಎಂದು ಸ್ಪೆಷಲೈಸ್ಡ್ ಆಕ್ಷೇಪ ಎತ್ತಿತು. ‘ಎಪಿಕ್’ ಎಂಬುದು ಅದರ ಇನ್ನೊಂದು ಮಾದರಿ. ಇಂಗ್ಲಿಷ್ ಬಲ್ಲವರು ದಿನಕ್ಕೆ ಹತ್ತು ಸಲ ಆಡುವ ಈ ಶಬ್ದವನ್ನು ಅಲಾಸ್ಕದಲ್ಲಿ ಸೈಕಲ್ ಚೀಲ ಹೊಲಿಯುವ ಎಪಿಕ್ ಡಿಸೈನ್ಸ್ ಬಿಡಬೇಕಾಯಿತು, ಅದು ರೆವೆಲೇಟ್ ಡಿಸೈನ್ಸ್ ಆಯಿತು. ಪೋರ್ಟ್‌ಲ್ಯಾಂಡಿನಲ್ಲಿ ಕೈಯಲ್ಲಿ ಚಕ್ರ ಹೆಣೆಯುವ ಎಪಿಕ್ ವೀಲ್ ವರ್ಕ್ಸ್ ತನ್ನನ್ನು ಶುಗರ್ ವೀಲ್ ವರ್ಕ್ಸ್ ಎಂದು ಕರೆದುಕೊಂಡಿತು.

ಕಂಪನಿ ಬಿಟ್ಟು ಹೋದ ಇಬ್ಬರು ವೊಲಾಗಿ ಎಂಬ ಸ್ವಂತ ಬ್ರಾಂಡ್ ಕಟ್ಟಿದಾಗಲೂ ಕೇಸು ಬಿತ್ತು. 2012ರ ಜನವರಿಯಲ್ಲಿ ಆರೋಪಗಳಲ್ಲಿ ಬಹುಪಾಲು ಉಳಿಯದೆ ಹೋಗಿ, ಒಬ್ಬರು ಒಪ್ಪಂದ ಮುರಿದದ್ದಕ್ಕೆಂದು ಪಂಚರು ಸ್ಪೆಷಲೈಸ್ಡ್‌ಗೆ ಕೊಡಿಸಿದ ಪರಿಹಾರ ಒಂದು ಡಾಲರ್. ದೊಡ್ಡ ಕಂಪನಿ ಗೆದ್ದಿತೆಂದು ಹೇಳಬೇಕೋ ಸೋತಿತೆಂದು ಹೇಳಬೇಕೋ, ಓದುಗರಿಗೆ ಬಿಟ್ಟದ್ದು.

ಎಲ್ಲಕ್ಕಿಂತ ಹೆಚ್ಚು ಮಾನ ಕಳೆದದ್ದು 2013ರ ಡಿಸೆಂಬರಿನ ಪ್ರಕರಣ. ರೂಬೆ ಉತ್ತರ ಫ್ರಾನ್ಸಿನ ಒಂದು ಊರು. ಪ್ಯಾರಿಸ್-ರೂಬೆ ಕಲ್ಲುಹಾಸಿನ ರಸ್ತೆಯ ಓಟ 1896ರಿಂದ ಪ್ರಸಿದ್ಧ. ಕೆನಡಾದ ಕ್ಯಾಲ್ಗರಿ ಸಮೀಪದ ಕಾಕ್ರೇನ್‌ನಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬರು ಕೆಫೆ ರೂಬೆ ಎಂಬ ಪುಟ್ಟ ಸೈಕಲ್ ಅಂಗಡಿ ಇಟ್ಟಿದ್ದರು. ರೂಬೆ ತನ್ನ ಸೈಕಲ್ಲಿನ ಹೆಸರು, ಅಂಗಡಿಯ ಹೆಸರು ಬದಲಿಸಿ ಎಂದು ಸ್ಪೆಷಲೈಸ್ಡ್‌ನ ವಕೀಲರು ಬೆನ್ನುಬಿದ್ದರು. ಸುದ್ದಿ ಪತ್ರಿಕೆಯಲ್ಲಿ ಬಂದ ಕೂಡಲೇ ಸೈಕಲ್ ಜಗತ್ತು ಕೆರಳಿತು. ಆಮೇಲೆ ಬಂತು ನಗೆಪಾಟಲಿನ ತಿರುವು: ಫುಜಿ ಸೈಕಲ್‌ಗಳ ಆಗಿನ ಒಡೆಯರಾದ ಅಮೆರಿಕದ ಎಎಸ್‌ಐ ಕಂಪನಿ, ಆ ಹೆಸರು ನಮ್ಮದು, ಸ್ಪೆಷಲೈಸ್ಡ್‌ಗೆ 2003ರಿಂದ ಬಳಸಲು ಅನುಮತಿ ಕೊಟ್ಟಿದ್ದೇವೆ ಅಷ್ಟೆ ಎಂದು ಹೇಳಿತು. ಬಾಡಿಗೆಗೆ ಇದ್ದವರು ದಾರಿಹೋಕನನ್ನು ಅಂಗಳದಿಂದ ಓಡಿಸಲು ಹೊರಟಿದ್ದರು! ಸಿನ್ಯರ್ಡ್ ಖುದ್ದಾಗಿ ಕೆನಡಾಕ್ಕೆ ಹೋಗಿ ಕ್ಷಮೆ ಕೇಳಿದರು. ಅಂಗಡಿಯ ಹೆಸರು ಉಳಿಯಿತು.

ಟ್ರೇಡ್‌ಮಾರ್ಕ್ ಇದ್ದವರು ಅದನ್ನು ಕಾಯದೆ ಬಿಟ್ಟರೆ ಕ್ರಮೇಣ ಹಕ್ಕು ಸವೆಯುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಕಾಯುವುದಕ್ಕೆ ಒಂದು ಅಳತೆ ಇದೆ. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಅದು ತೀರ್ಮಾನವಾಗಿದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಅದೇ ಹೆಸರು ಇಟ್ಟುಕೊಂಡಿದ್ದರು. ಮಹಾಮಂಡಳದ ಆಕ್ಷೇಪ ಹೈಕೋರ್ಟಿನವರೆಗೂ ಗೆದ್ದಿತ್ತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ತೀರ್ಪು ತಿರುಗಿಸಿತು. ನಂದಿನಿ ಪುರಾಣದ ಹಸುವಿನ ಹೆಸರು, ದೇವಿಯ ಹೆಸರು. ಎರಡರ ಚಿತ್ರವೂ ಸರಕೂ ಬೇರೆ. ಒಂದು ವರ್ಗದ ಸರಕುಗಳಿಗೆಲ್ಲ ಒಬ್ಬರೇ ಏಕಸ್ವಾಮ್ಯ ಹೇಳುವಂತಿಲ್ಲ ಎಂಬುದು ನ್ಯಾಯಾಲಯದ ನಿಲುವು. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಹೋಟೆಲಿನವರು ಆ ಹೆಸರನ್ನು ನೋಂದಾಯಿಸುವಂತಿಲ್ಲ. ಚಕ್ರ ಹೆಣೆಯುವವರ, ಚೀಲ ಹೊಲಿಯುವವರ ಬೆನ್ನುಹತ್ತಿದ್ದನ್ನು ಈ ಅಳತೆಯಲ್ಲಿ ತೂಗಿ ನೋಡಬಹುದು.

ಊರಿನ ಹೆಸರಿನ ವಿಷಯಕ್ಕೆ ಬಂದರೆ ಕರಾವಳಿಯವರಿಗೆ ಇದು ಹೊಸತಲ್ಲ. ‘ಉಡುಪಿ ಹೋಟೆಲು’ ಮುಂಬಯಿಯಿಂದ ಮದ್ರಾಸಿನವರೆಗೆ ಹಬ್ಬಿದ್ದು ಯಾರೂ ಅದಕ್ಕೆ ಬೀಗ ಹಾಕದೆ ಇದ್ದುದರಿಂದ. ಬೆಳ್ಮಣ್‌ನಿಂದ ಪಡುವಣಕ್ಕೆ ಶಿರ್ವ ದಾಟಿ ಹೋದರೆ ಸಿಗುವ ಶಂಕರಪುರದಲ್ಲಿ ಬೆಳೆಯುವ ಉಡುಪಿ ಮಲ್ಲಿಗೆಗೂ, ಸಮುದ್ರದಂಚಿನ ಮಟ್ಟು ಗ್ರಾಮದ ಗುಳ್ಳಕ್ಕೂ ಭೌಗೋಳಿಕ ಸೂಚಕದ ನೋಂದಣಿ ಇದೆ. ಅಲ್ಲಿ ಊರಿನ ಹೆಸರಿನ ಹಕ್ಕು ಆ ಊರಿನ ಬೆಳೆಗಾರರೆಲ್ಲರದು. ರೂಬೆಯ ಹೆಸರಿನ ಮೇಲೆ ಹಕ್ಕು ಹೇಳಿದ ಎರಡೂ ಕಂಪನಿಗಳಿಗೆ ರೂಬೆ ಊರಿನ ನಂಟೇ ಇರಲಿಲ್ಲ.

ಬಿಡಿಭಾಗ, ಅಂಗಡಿ

ಕೋರ್ಟಿನ ಸುದ್ದಿ ಓದದ ಸವಾರನಿಗೂ ಒಂದು ಅಸಮಾಧಾನವಿದೆ, ಅದು ಪಾನಾ ಹಿಡಿದಾಗ ಗೊತ್ತಾಗುವಂಥದ್ದು. ಹಿಂಗಾಲಿಯ ಹಬ್ಬಿಗೆ ‘142+’ ಎಂಬ ತನ್ನದೇ ಅಳತೆ, ಶಾಕ್ ಕೂರುವ ಕವಲಿಗೆ ತನ್ನದೇ ಆಕಾರ: ಹೀಗೆ ಎಷ್ಟೋ ವರ್ಷ ಸ್ಪೆಷಲೈಸ್ಡ್ ಫ್ರೇಮಿಗೆ ಪೇಟೆಯ ಬೇರೆ ಶಾಕ್ ಹಾಕುವುದು ತಲೆನೋವಿನ ಕೆಲಸವಾಗಿತ್ತು. ದೂರು ಕಂಪನಿಯ ಕಿವಿಗೂ ಬಿದ್ದಿರಬೇಕು. 2018ರಲ್ಲಿ ಬಂದ ಹೊಸ ಸ್ಟಂಪ್‌ಜಂಪರ್ ಎಲ್ಲರೂ ಬಳಸುವ ಅಳತೆಯ ಶಾಕಿಗೆ ಮರಳಿತು, ಕ್ರ್ಯಾಂಕಿನ ಬೇರಿಂಗಿಗೂ ತಿರುಪು ಸುತ್ತಿನ (ಥ್ರೆಡ್) ಹಳೇ ಪದ್ಧತಿ ಬಂತು. 2024ರ ‘ಸ್ಟಂಪ್‌ಜಂಪರ್ 15’ ಮತ್ತೆ ಶಾಕ್ ತಯಾರಕ ಫಾಕ್ಸ್ ಜೊತೆ ಸೇರಿ ತನಗಾಗಿಯೇ ಮಾಡಿಸಿಕೊಂಡ ‘ಜೀನಿ’ ಶಾಕ್ ಹೊತ್ತು ಬಂತು. ಬಂದಾಗ ಅದರ ಕಾರ್ಬನ್ ಫ್ರೇಮಿನಲ್ಲಿ ಗೇರಿನ ಕೇಬಲ್ ಎಳೆಯಲು ತೂತೇ ಇರಲಿಲ್ಲ. ವೈರ್‌ಲೆಸ್ ಗೇರೇ ಗತಿಯಾಗಿತ್ತು.

ಅಂಗಡಿಯವರ ಜೊತೆಗೂ ಎಲ್ಲ ಕಾಲವೂ ಸರಿಯಿರಲಿಲ್ಲ. 1990ರ ದಶಕದ ನಡುವೆ ‘ಫುಲ್ ಫೋರ್ಸ್’ ಎಂಬ ಅಗ್ಗದ ಬ್ರಾಂಡನ್ನು ದೊಡ್ಡ ಕ್ರೀಡಾ ಮಳಿಗೆಗಳಿಗೆ ಕೊಟ್ಟು, ಸೈಕಲ್ ಅಂಗಡಿಗಳವರ ಸಿಟ್ಟಿಗೆ ಗುರಿಯಾಗಿ, ಸಿನ್ಯರ್ಡ್ ಅವರಲ್ಲಿ ಕ್ಷಮೆ ಕೇಳಬೇಕಾಯಿತು. ಕ್ಷಮೆ ಕೇಳಲು ಅವರು ಹಿಂಜರಿಯುವುದಿಲ್ಲ ಎಂಬುದನ್ನೂ ಬರೆದಿಡಬೇಕು. 2001ರಲ್ಲಿ ತೈವಾನಿನ ಮೆರಿಡಾ ಕಂಪನಿ ಸ್ಪೆಷಲೈಸ್ಡ್‌ನ ದೊಡ್ಡ ಪಾಲು ಕೊಂಡಿತು. 2022ರಲ್ಲಿ ಅಮೆರಿಕದಲ್ಲಿ ನೇರ ಗಿರಾಕಿಯ ಮನೆಗೆ ಸೈಕಲ್ ಕಳಿಸುವ ವ್ಯವಸ್ಥೆ ಶುರುವಾಯಿತು. 2023ರ ಜನವರಿಯಲ್ಲಿ ನೌಕರರಲ್ಲಿ ಸುಮಾರು ಶೇ. 8ರಷ್ಟು ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು.

ಇನ್ನು ನಮ್ಮ ಉಡುಪಿ, ಕಾರ್ಕಳದ ಕಡೆ ಎಂಟಿಬಿ ಎಂದರೆ ಬಹುಮಟ್ಟಿಗೆ ಹೀರೊ, ಹರ್ಕ್ಯುಲಿಸ್‌ಗಳ ದಪ್ಪ ಟೈರಿನ ಗೇರ್ ಸೈಕಲ್. ಲೂಧಿಯಾನದ ಹೀರೊ, ಹರ್ಕ್ಯುಲಿಸ್ ತಯಾರಿಸುವ ಚೆನ್ನೈಯ ಟಿಐ ಕಂಪನಿಗಳ ಮೇಲೆ ಸವಾರರ ದೂರು ಇನ್ನೊಂದು ಬಗೆಯದು: ಭಾರದ ಉಕ್ಕು, ಹೆಸರಿಗಷ್ಟೇ ಇರುವ ಸ್ಪ್ರಿಂಗ್. ದುಬಾರಿ ವಿದೇಶಿ ಸೈಕಲ್‌ಗಳಲ್ಲಿ ಹಲವು ಇಲ್ಲಿಗೆ ಎರಡನೇ ಕೈಯಾಗಿ ಬರುವಂಥವು. ಮಳೆಗಾಲದ ಕೆಂಪುಕೆಸರು ಮತ್ತು ಉಪ್ಪುಗಾಳಿಗೆ ಬೇರಿಂಗು, ಶಾಕಿನ ಸೀಲುಗಳು ಬೇಗ ಕೆಡುವ ಈ ಸೀಮೆಯಲ್ಲಿ ಹಳೇ ಎಫ್‌ಎಸ್‌ಆರ್ ಕೊಳ್ಳುವವರು ಬೆಲೆ ಮಾತಾಡುವ ಮೊದಲು ಹಿಂದಿನ ಹಬ್ಬಿನ ಅಳತೆಯನ್ನೂ ಶಾಕಿನ ಕವಲನ್ನೂ ನೋಡಿಕೊಳ್ಳುವುದು ಒಳಿತು.