ಧಾತು, ಪಾಕ, ಕಿಟ್ಟ: ದೇಹಸಾಮ್ಯದ ವಿಚಾರವೂ ಭದ್ರಾವತಿಯ ಕಬ್ಬಿಣವೂ

ವೈದ್ಯಶಾಸ್ತ್ರದಲ್ಲಿಯೂ ಲೋಹಶಾಸ್ತ್ರದಲ್ಲಿಯೂ ಸಮಾನವಾಗಿ ಪ್ರಯೋಗದಲ್ಲಿರುವ ಮೂರು ಶಬ್ದಗಳುಂಟು: ಧಾತು, ಪಾಕ, ಕಿಟ್ಟ. ದೇಹವನ್ನು ಧರಿಸಿರುವ ರಸರಕ್ತಾದಿಗಳಿಗೆ ಧಾತುಗಳೆಂದು ಹೆಸರು. ಗಿರಿಗಳಲ್ಲಿ ಹುಟ್ಟುವ ಗೈರಿಕಾದಿಗಳಿಗೂ ಲೋಹಗಳಿಗೂ ಅದೇ ಹೆಸರು. ಉಂಡ ಅನ್ನವು ಜಠರದಲ್ಲಿ ಹೊಂದುವ ಮಾರ್ಪಾಟು ಪಾಕ. ಮೂಸೆಯಲ್ಲಿ ಲೋಹವು ಹೊಂದುವ ಮಾರ್ಪಾಟೂ ಪಾಕವೇ. ಅನ್ನದಿಂದ ಸಾರವು ಬೇರ್ಪಟ್ಟ ಬಳಿಕ ಉಳಿಯುವುದು ಕಿಟ್ಟ. ಅದಿರಿನಿಂದ ಕಬ್ಬಿಣವು ಬೇರ್ಪಟ್ಟ ಬಳಿಕ ಕುಲುಮೆಯಲ್ಲಿ ಉಳಿಯುವುದಕ್ಕೂ ಕಿಟ್ಟವೆಂದೇ ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ವ್ಯವಹಾರ. ಹೀಗೆ ಎರಡು ಶಾಸ್ತ್ರಗಳು ಒಂದೇ ಪರಿಭಾಷೆಯನ್ನು ಹಂಚಿಕೊಂಡಿರುವುದು ಕೇವಲ ಆಕಸ್ಮಿಕವೋ, ಅಥವಾ ವಸ್ತುಸಾಮ್ಯವನ್ನು ಕಂಡು ಪ್ರಾಚೀನರು ಮಾಡಿದುದೋ, ಆ ಸಾಮ್ಯವು ಎಲ್ಲಿಯವರೆಗೆ ಸಲ್ಲುವುದು ಎಂಬುದು ವಿಚಾರಾರ್ಹವಾದ ವಿಷಯ. ವೈದ್ಯವಿದ್ಯೆಯೂ ಕಬ್ಬಿಣದ ಕೆಲಸವೂ ಒಂದೇ ನೆಲದಲ್ಲಿ ಬೇರೂರಿದ ಶಿವಮೊಗ್ಗ ಭದ್ರಾವತಿಗಳ ಸೀಮೆಯು ಈ ವಿಚಾರಕ್ಕೆ ತಕ್ಕ ಉದಾಹರಣೆಯನ್ನು ಒದಗಿಸುತ್ತದೆ.

೧

ಮೊದಲು ಶಾಸ್ತ್ರದ ಅಭಿಪ್ರಾಯವನ್ನು ನೋಡಬೇಕು. ಧಾತುಸಾಮ್ಯವನ್ನು ಸಾಧಿಸುವುದೇ ಈ ತಂತ್ರದ ಪ್ರಯೋಜನವೆಂದು ಚರಕಸಂಹಿತೆಯು ಆರಂಭದಲ್ಲಿಯೇ ನಿರ್ದೇಶಿಸುತ್ತದೆ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಲ್ಲಿ ದೋಷ, ಅಗ್ನಿ, ಧಾತು, ಮಲಕ್ರಿಯೆ ಇವುಗಳ ಸಮತ್ವವನ್ನೂ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಒಟ್ಟಿಗೆ ಎಣಿಸಿರುವನು. ಇಲ್ಲಿ ಸಾಮ್ಯವೆಂದರೆ ಸಮಭಾಗವೆಂದು ತಿಳಿಯಲಾಗದು. ಚರಕನು ರಕ್ತಕ್ಕೆ ಎಂಟು, ಪಿತ್ತಕ್ಕೆ ಐದು, ಮಜ್ಜೆಗೆ ಒಂದು ಎಂದು ಅಂಜಲಿಗಳಿಂದ ಪ್ರಮಾಣವನ್ನು ಹೇಳಿ, ಆ ಅಂಜಲಿಯೂ ಅವರವರ ಕೈಯಿಂದಲೇ ಅಳೆದದ್ದಾಗಿರಬೇಕೆಂದು ವಿಧಿಸಿದ್ದಾನೆ. ಆದುದರಿಂದ ಯಾವ ದೇಹದಲ್ಲಿ ಯಾವುದು ಎಷ್ಟಿರತಕ್ಕದ್ದೋ ಅಷ್ಟಿರುವುದೇ ಸಾಮ್ಯವೆಂಬುದು ಸ್ಪಷ್ಟ.

ಈ ಸಾಮ್ಯವು ನಿಂತ ನೀರಿನಂತೆ ಸ್ಥಿರವಾದುದಲ್ಲ. ಹರಿಯುವ ನೀರಿನ ಮಟ್ಟದಂತೆ, ಒಳಬರುವುದೂ ಹೊರಹೋಗುವುದೂ ಸರಿದೂಗಿದಾಗ ಮಾತ್ರ ನಿಲ್ಲತಕ್ಕದ್ದು. ಜಠರಾಗ್ನಿಯೊಂದು, ಭೂತಾಗ್ನಿಗಳೈದು, ಧಾತ್ವಗ್ನಿಗಳೇಳು ಎಂದು ಹದಿಮೂರು ಅಗ್ನಿಗಳು ಆಹಾರವನ್ನು ಕ್ರಮವಾಗಿ ಪಾಕಮಾಡುತ್ತವೆ. ಹೊರಗಿನ ಬೆಂಕಿಯು ಪಾತ್ರೆಯಲ್ಲಿರುವ ಅಕ್ಕಿಯನ್ನೂ ನೀರನ್ನೂ ಬೇಯಿಸುವಂತೆ ಒಳಗಿನ ಅಗ್ನಿಯು ಅನ್ನವನ್ನು ಬೇಯಿಸುವುದೆಂದು ಚರಕವಾಗ್ಭಟರಿಬ್ಬರೂ ಉಪಮಾನ ಕೊಟ್ಟಿರುವರು. ಆ ಪಾಕದಿಂದ ಹುಟ್ಟಿದ ಸಾರವು ಧಾತುಗಳನ್ನು ಹೇಗೆ ಸೇರುವುದೆಂಬುದಕ್ಕೆ ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಹನ್ನೊಂದನೆಯ ಶತಮಾನದಲ್ಲಿ ಮೂರು ನ್ಯಾಯಗಳನ್ನು ಚರ್ಚಿಸಿದನು. ಹಾಲು ಮೊಸರಾಗುವಂತೆ ಒಂದು ಧಾತುವೇ ಮುಂದಿನದಾಗುವುದೆಂಬುದು ಒಂದು. ಕಣದ ಕಾಳನ್ನು ಪಾರಿವಾಳಗಳು ಆಯ್ದುಕೊಂಡು ತಮ್ಮ ತಮ್ಮ ಗೂಡಿಗೆ ಹೋಗುವಂತೆ ಪ್ರತಿ ಧಾತುವೂ ತನಗೆ ಬೇಕಾದುದನ್ನು ಆರಿಸಿಕೊಳ್ಳುವುದೆಂಬುದು ಇನ್ನೊಂದು. ಕಾಲುವೆಯ ನೀರು ಗದ್ದೆಯಿಂದ ಗದ್ದೆಗೆ ಹರಿಯುವಂತೆ ರಸವು ಒಂದೊಂದನ್ನೇ ತಣಿಸುತ್ತ ಸಾಗುವುದೆಂಬ ಕೇದಾರೀಕುಲ್ಯಾನ್ಯಾಯ ಮತ್ತೊಂದು. ಗಾಜನೂರಿನಿಂದ ತುಂಗೆಯ ನೀರೂ ಲಕ್ಕವಳ್ಳಿಯಿಂದ ಭದ್ರೆಯ ನೀರೂ ಗದ್ದೆಗಳಿಗೆ ಇಳಿಯುವುದನ್ನು ಕಂಡವರಿಗೆ ಈ ಕೊನೆಯ ನ್ಯಾಯವನ್ನು ವಿವರಿಸಬೇಕಾದುದಿಲ್ಲ. ಮೇಲಿನ ಗದ್ದೆಯ ಮಡೆ ಕಟ್ಟಿದರೆ ಕೆಳಗಿನ ಗದ್ದೆ ಒಣಗುವುದು. ತೀರ ತೆರೆದರೆ ಕೊಚ್ಚಿಹೋಗುವುದು.

ಚರಕನು ಹೇಳುವ ಇನ್ನೊಂದು ವಿಷಯವನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಆಹಾರದ ಕಿಟ್ಟಭಾಗದಿಂದ ಸ್ವೇದ, ಮೂತ್ರ, ಪುರೀಷಗಳೂ ವಾತಪಿತ್ತಕಫಗಳೂ ಕೇಶ, ನಖ ಮೊದಲಾದವೂ ಉಂಟಾಗುತ್ತವೆಯೆಂದು ಹೇಳಿ, ಮಲವೆನಿಸಿದ ಇವೂ ತಮ್ಮ ಪ್ರಮಾಣದಲ್ಲಿರುವಾಗ ಧಾತುಗಳೇ ಸರಿ ಎಂದು ಅವನು ಒಪ್ಪಿರುವನು. ಎಂದರೆ ದೇಹದ ಕಿಟ್ಟವು ಸರ್ವಥಾ ತ್ಯಾಜ್ಯವಲ್ಲ; ಮಿತಿಯಲ್ಲಿದ್ದರೆ ಅದೂ ದೇಹವನ್ನು ಧರಿಸುತ್ತದೆ. ಈ ಮಾತಿನ ಬೆಲೆಯು ಮುಂದೆ ಗೊತ್ತಾಗುವುದು.

೨

ಈ ವಿಚಾರಗಳು ಈ ಸೀಮೆಯಲ್ಲಿ ಗ್ರಂಥಸ್ಥವಾಗಿ ಮಾತ್ರವೇ ಉಳಿದವೆಂದು ಭಾವಿಸಲಾಗದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವು, ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠದೊಂದಿಗೆ ದೀನರಿಗೂ ಅಂಧರಿಗೂ ಕುಂಟರಿಗೂ ಅನ್ನದಾನವೂ, ಅನಾಥರಾದ ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿದ್ದುದನ್ನು ತಿಳಿಸುತ್ತದೆ. ಅನ್ನವನ್ನೂ ಔಷಧವನ್ನೂ ಒಂದೇ ಸ್ಥಾನದಲ್ಲಿ ಇಟ್ಟಿದ್ದುದು ಆಹಾರದಿಂದಲೇ ದೇಹ, ಆಹಾರವೈಷಮ್ಯದಿಂದಲೇ ರೋಗ ಎಂಬ ಸಿದ್ಧಾಂತಕ್ಕೆ ಅನುಗುಣವಾಗಿದೆ. ಕನ್ನಡದಲ್ಲಿಯೂ ಈ ವಿದ್ಯೆಯು ಅದೇ ಕಾಲದಲ್ಲಿ ಬೆಳೆಯಿತು. ೧೦೨೫ರ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವೂ, ಚಾಲುಕ್ಯ ಕೀರ್ತಿವರ್ಮನ ಗೋವೈದ್ಯದಲ್ಲಿ ಪಶುಚಿಕಿತ್ಸೆಯೂ, ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಲ್ಲಿ ಮನುಷ್ಯಚಿಕಿತ್ಸೆಯೂ ನಿರೂಪಿತವಾಗಿವೆ. ಮರ, ಹಸು, ಮನುಷ್ಯ ಈ ಮೂರಕ್ಕೂ ವೈದ್ಯಶಾಸ್ತ್ರವಿರುವುದರಿಂದ, ಉಂಡು ಬೆಳೆದು ವಿಸರ್ಜಿಸುವುದು ಜೀವಮಾತ್ರಕ್ಕೆ ಸಾಧಾರಣವಾದ ಧರ್ಮವೆಂಬ ಅರಿವು ಪೂರ್ವಿಕರಿಗೆ ಇದ್ದಿತೆನ್ನಬಹುದು. ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆದಿಯಲ್ಲಿ ರಚಿಸಿದ, ೧೦೮ ತರಂಗಗಳ ಶಿವತತ್ತ್ವರತ್ನಾಕರವು ಪಾಕವಿದ್ಯೆಯನ್ನೂ ವೈದ್ಯವನ್ನೂ ರಾಜನು ಅರಿಯತಕ್ಕ ವಿದ್ಯೆಗಳಲ್ಲಿ ಸೇರಿಸಿಕೊಂಡಿದೆ.

ಶಿವಮೊಗ್ಗ ಎಂಬ ಹೆಸರಿಗೆ ಜನರು ಹೇಳುವ ಐತಿಹ್ಯವೊಂದು ಇಲ್ಲಿ ನೆನಪಿಗೆ ಬರುತ್ತದೆ. ತುಂಗಾತೀರದಲ್ಲಿ ದೂರ್ವಾಸರು ಮೂಲಿಕೆಗಳನ್ನು ಕುದಿಸುತ್ತಿದ್ದ ಮೊಗೆಯ ರಸವನ್ನು ದನಗಾಹಿಗಳು ಸವಿದು ಸಿಹಿಮೊಗೆಯೆಂದರಂತೆ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂದೂ ವಂಕಿಪುರವೆಂದೂ ಹೆಸರಿತ್ತು. ಒಂದು ಊರು ಪಾಕದ ಪಾತ್ರೆ, ಇನ್ನೊಂದು ಪಾಕದ ಅಗ್ನಿ ಎಂದು ಸೇರಿಸಲು ಮನಸ್ಸು ಎಳೆಯುವುದು ಸಹಜ. ಆದರೆ ಬೆಂಕಿಪುರವೆಂಬ ಹೆಸರು ಕಬ್ಬಿಣದ ಕಾರ್ಖಾನೆಗಿಂತ ಹಳೆಯದು. ಸಿಹಿಮೊಗೆಯ ಕಥೆಯು ನಿರುಕ್ತಿಯ ಆಸೆಯಿಂದ ಹುಟ್ಟಿದಂತೆ ಕಾಣುತ್ತದೆ. ಇಂಥ ಹೆಸರುಗಳಿಂದ ಇತಿಹಾಸವನ್ನು ಸಾಧಿಸತಕ್ಕದ್ದಲ್ಲ.

೩

ದೇಹ ಮತ್ತು ಲೋಹಗಳಿಗೆ ನಿಜವಾದ ಸಂಧಿಯು ಹೆಸರಿನಲ್ಲಲ್ಲ, ಔಷಧದಲ್ಲಿದೆ. ಮುಖವೂ ಉಗುರೂ ಕಣ್ಣೂ ಬಿಳಿಚಿಕೊಂಡು, ನಡೆದರೆ ಏದುಸಿರು ಬರುವ ರೋಗಕ್ಕೆ ಪಾಂಡುವೆಂದು ಹೆಸರು. ಇದರ ಚಿಕಿತ್ಸೆಯಲ್ಲಿ ಚರಕನು ನವಾಯಸಚೂರ್ಣವೆಂಬ ಲೋಹಯೋಗವನ್ನೂ ಮಂಡೂರವಟಕವನ್ನೂ ಹೇಳಿರುವನು. ಮಂಡೂರವೆಂದರೆ ಲೋಹಕಿಟ್ಟ, ಎಂದರೆ ಕಬ್ಬಿಣ ಕರಗಿಸಿದ ಕುಲುಮೆಯ ಬಳಿ ರಾಶಿಯಾಗಿ ಬೀಳುವ ಕಸ. ನೂರು ವರ್ಷ ಹಳೆಯದಾದುದು ಶ್ರೇಷ್ಠವೆಂದೂ, ತಾರೆಮರದ ಇದ್ದಲಿನಲ್ಲಿ ಕೆಂಪಗೆ ಕಾಯಿಸಿ ಗೋಮೂತ್ರದಲ್ಲಿ ಮತ್ತೆ ಮತ್ತೆ ಅದ್ದಿ ಶುದ್ಧಿಮಾಡಬೇಕೆಂದೂ ರಸಶಾಸ್ತ್ರಗಳ ವಿಧಾನ. ಲೋಹಕಾರನು ಎಸೆದುದನ್ನು ವೈದ್ಯನು ಆರಿಸಿಕೊಂಡನು. ಕುಲುಮೆಯ ಕಿಟ್ಟವು ದೇಹದ ಧಾತುವಿಗೆ ಆಹಾರವಾಯಿತು.

ಇದನ್ನು ಕಂಡು, ರಕ್ತದಲ್ಲಿ ಕಬ್ಬಿಣವಿರುವುದನ್ನು ಪ್ರಾಚೀನರು ಅರಿತಿದ್ದರೆಂದು ಹೇಳುವವರುಂಟು. ಈ ಪಕ್ಷವು ನಿಲ್ಲತಕ್ಕದ್ದಲ್ಲ. ಶಾಸ್ತ್ರವು ಪಾಂಡುವಿಗೆ ಪಿತ್ತಪ್ರಧಾನವಾದ ದೋಷಕೋಪವನ್ನು ಕಾರಣವಾಗಿ ಹೇಳುತ್ತದೆಯೇ ಹೊರತು ಲೋಹದ ಕೊರತೆಯನ್ನಲ್ಲ. ಸುಟ್ಟ ರಕ್ತದ ಬೂದಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುವುದನ್ನು ಇಟಲಿಯ ಮೆಂಘಿನಿಯು ತೋರಿಸಿದ್ದು ಹದಿನೆಂಟನೆಯ ಶತಮಾನದ ನಡುವೆ. ಹಾಗೆಂದು ಪ್ರಾಚೀನರದು ಕುರುಡುನಂಬಿಕೆಯೆಂದು ತಳ್ಳುವುದೂ ಯುಕ್ತವಲ್ಲ. ಬಿಳಿಚಿಕೆಗೂ ಕಬ್ಬಿಣಕ್ಕೂ ಇರುವ ಸಂಬಂಧವನ್ನು ಅವರು ಫಲದಿಂದ ಊಹಿಸಿದ್ದರು. ಕಾರಣವನ್ನು ತಮ್ಮ ದರ್ಶನದ ಭಾಷೆಯಲ್ಲಿ ಹೇಳಿದರು. ಮಣ್ಣು ತಿನ್ನುವುದರಿಂದ ಪಾಂಡು ಬರುವುದೆಂದು ಚರಕನು ಪ್ರತ್ಯೇಕವಾಗಿ ಎಣಿಸಿರುವುದೂ ಇಂಥದೇ ನಿರೀಕ್ಷಣೆ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದವರಿಗೆ ಮಣ್ಣಿನ ಮೇಲೆ ಬಯಕೆಯುಂಟಾಗುವುದೆಂದು ಈಗಿನ ವೈದ್ಯರು ಹೇಳುವರು. ಸಹಚಾರವನ್ನು ಇಬ್ಬರೂ ಕಂಡರು. ಕಾರ್ಯಕಾರಣಗಳ ಕ್ರಮದಲ್ಲಿ ಮಾತ್ರ ಭೇದ.

೪

ಮೈಸೂರು ಸೀಮೆಯಲ್ಲಿ ಇದ್ದಲಿನಿಂದ ಕಬ್ಬಿಣವನ್ನು ಕರಗಿಸುವ ಪದ್ಧತಿಯು ಹಳೆಯದು. ೧೮೦೦–೦೧ರಲ್ಲಿ ಇಲ್ಲಿ ಸಂಚರಿಸಿದ ಬುಕಾನನ್ ಅದನ್ನು ವಿವರಿಸಿದ್ದಾನೆ. ಅದೇ ಇದ್ದಲಿನ ಪದ್ಧತಿಯನ್ನು ಮಹಾಪ್ರಮಾಣದಲ್ಲಿ ಕೈಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯು ೧೯೨೩ರ ಜನವರಿಯಲ್ಲಿ ಭದ್ರಾವತಿಯಲ್ಲಿ ಕೆಲಸವನ್ನಾರಂಭಿಸಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಸೌದೆ, ಭದ್ರೆಯಿಂದ ನೀರು ಬರುತ್ತಿದ್ದವು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಲನ್ನೂ, ಜತೆಗೆ ಮದ್ಯಸಾರ, ಡಾಂಬರುಗಳನ್ನೂ ಪಡೆಯುತ್ತಿದ್ದರು. ಕುಲುಮೆಯೊಳಗೆ ಊದಿದ ಗಾಳಿಯಲ್ಲಿ ಇದ್ದಲು ಉರಿದು ಹುಟ್ಟಿದ ಅನಿಲವು ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುವುದು. ಸುಣ್ಣಕಲ್ಲು ಮರಳಿನ ಅಂಶವನ್ನು ಹಿಡಿದು ಕಿಟ್ಟವಾಗಿ ತೇಲುವುದು. ಸಾರವಾದ ಕಬ್ಬಿಣವು ಕೆಳಗೆ ಇಳಿಯುವುದು.

ಗಾಳಿ, ಅನ್ನ, ಅಗ್ನಿ, ಸಾರ, ಕಿಟ್ಟ ಎಲ್ಲವೂ ಇಲ್ಲಿ ಇವೆ. ಫ್ರಾನ್ಸಿನ ಲವಾಸಿಯೇ ಎಂಬ ಪಂಡಿತನು ೧೭೮೩ರಲ್ಲಿ ಲಾಪ್ಲಾಸನೊಡನೆ, ಸಣ್ಣ ಪ್ರಾಣಿಯೊಂದು ಉಸಿರಾಡುತ್ತ ಕರಗಿಸಿದ ಮಂಜುಗಡ್ಡೆಯನ್ನೂ ಇದ್ದಲು ಉರಿದು ಕರಗಿಸಿದ ಮಂಜುಗಡ್ಡೆಯನ್ನೂ ತೂಗಿ, ಉಸಿರಾಟವು ನಿಧಾನವಾದ ಉರಿಯೆಂದು ನಿರ್ಣಯಿಸಿದನು. ಇಷ್ಟರಮಟ್ಟಿಗೆ ಜಠರಾಗ್ನಿಯ ಉಪಮಾನವು ಬರಿಯ ಕವಿಸಮಯವಲ್ಲ. ಮರವು ಗಾಳಿಯಿಂದ ಕೂಡಿಸಿಕೊಂಡ ಇಂಗಾಲವನ್ನೇ ಕುಲುಮೆಯೂ ದೇಹವೂ ಉರಿಸಿ ಮತ್ತೆ ಗಾಳಿಗೆ ಒಪ್ಪಿಸುತ್ತವೆ.

೫

ಸಾಮ್ಯವು ನಿಲ್ಲುವ ಸ್ಥಳವೂ ಕಬ್ಬಿಣದಿಂದಲೇ ತಿಳಿಯುತ್ತದೆ. ಪ್ರಾಯದ ಮನುಷ್ಯನ ದೇಹದಲ್ಲಿರುವ ಕಬ್ಬಿಣವು ಮೂರು ನಾಲ್ಕು ಗ್ರಾಂ ಮಾತ್ರ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಕ್ತದ ಕೆಂಪುಕಣಗಳಲ್ಲಿದ್ದು ಪ್ರಾಣವಾಯುವನ್ನು ಹೊರುತ್ತದೆ. ಒಂದೊಂದು ಕಣದ ಆಯುಸ್ಸು ಸುಮಾರು ೧೨೦ ದಿನ. ಹೊಸ ಕಣಗಳ ನಿರ್ಮಾಣಕ್ಕೆ ದಿನಕ್ಕೆ ೨೦ರಿಂದ ೨೫ ಮಿಲಿಗ್ರಾಂ ಕಬ್ಬಿಣ ಬೇಕು. ಆಹಾರದಿಂದ ಒಳಸೇರುವುದಾದರೋ ಒಂದೆರಡು ಮಿಲಿಗ್ರಾಂ. ಉಳಿದುದು ಎಲ್ಲಿಂದ ಬರುವುದು? ಸತ್ತ ಕಣಗಳಿಂದಲೇ. ಪ್ಲೀಹದಲ್ಲಿಯೂ ಯಕೃತ್ತಿನಲ್ಲಿಯೂ ಹಳೆಯ ಕಣಗಳು ಮುರಿದು, ಅವುಗಳ ಕಬ್ಬಿಣವು ಮತ್ತೆ ಮಜ್ಜೆಗೆ ಸಾಗುವುದು. ಕುಲುಮೆಯು ತನ್ನ ಕಿಟ್ಟವನ್ನು ಹೊರಗೆ ಸುರಿಯುತ್ತದೆ. ದೇಹವು ತನ್ನ ಕಿಟ್ಟವನ್ನೇ ಮತ್ತೆ ಅದಿರಾಗಿ ಬಳಸುತ್ತದೆ. ಮಿತಿಯಲ್ಲಿರುವ ಮಲವೂ ಧಾತುವೇ ಎಂಬ ಚರಕನ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ರಕ್ತವಹಸ್ರೋತಸ್ಸುಗಳಿಗೆ ಯಕೃತ್ ಪ್ಲೀಹಗಳೇ ಮೂಲವೆಂದು ಅವನು ಹೇಳಿರುವುದೂ ಸ್ಮರಣೀಯ.

ಎರಡನೆಯ ಭೇದವು ಇದಕ್ಕಿಂತ ಮುಖ್ಯ. ಅಧಿಕವಾದ ಕಬ್ಬಿಣವನ್ನು ಬೇಕೆಂದಂತೆ ಹೊರಹಾಕುವ ದ್ವಾರವು ದೇಹಕ್ಕಿಲ್ಲ. ಒಳಗೆ ಬಿಡುವ ದ್ವಾರದಲ್ಲಿಯೇ ಸಾಮ್ಯವು ಕಾಯಲ್ಪಡುವುದೆಂದು ೧೯೩೭ರಲ್ಲಿ ಮೆಕಾನ್ಸ್ ಮತ್ತು ವಿಡೋಸನ್ ಎಂಬ ಆಂಗ್ಲ ವಿದ್ವಾಂಸರು ಪ್ರತಿಪಾದಿಸಿದರು. ಆ ಮಡೆಯನ್ನು ತೆರೆದು ಮುಚ್ಚುವ ಹೆಪ್ಸಿಡಿನ್ ಎಂಬ ವಸ್ತುವನ್ನು ಯಕೃತ್ತೇ ಉತ್ಪಾದಿಸುವುದೆಂಬುದು ೨೦೦೦ದ ಸುಮಾರಿಗೆ ತಿಳಿದುಬಂದಿತು. ಕುಲುಮೆಗೆ ಎಷ್ಟು ಅದಿರು, ಎಷ್ಟು ಇದ್ದಲು ಎಂಬುದನ್ನು ಹೊರಗೆ ನಿಂತ ಮನುಷ್ಯನು ನಿರ್ಣಯಿಸಬೇಕು. ದೇಹಕ್ಕೆ ಹೊರಗಿನ ಕಾವಲುಗಾರನಿಲ್ಲ. ತನ್ನ ಮಡೆಯನ್ನು ತಾನೇ ಕಾಯುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಲೋದ್ ಬರ್ನಾರನು ದೇಹದ ಒಳಗಿನ ಆವರಣದ ಸ್ಥಿರತೆಯೆಂದು ಕರೆದುದೂ, ೧೯೨೬ರಲ್ಲಿ ಅಮೆರಿಕದ ಕ್ಯಾನನ್ ಹೊಸ ಹೆಸರಿಟ್ಟು ನಿರೂಪಿಸಿದುದೂ ಈ ಸ್ವಯಂರಕ್ಷಣೆಯನ್ನೇ. ಇನ್ನೂ ಒಂದು ವಿಶೇಷವುಂಟು. ಕುಲುಮೆಯ ಗೋಡೆಯ ಇಟ್ಟಿಗೆಯು ಉರಿಯಲ್ಲಿ ಸವೆಯುವುದೇ ಹೊರತು ಹೊಸದಾಗಿ ಹುಟ್ಟದು. ದೇಹದ ಮಾಂಸಮೇದಸ್ಸುಗಳಾದರೋ ಎಡೆಬಿಡದೆ ಕರಗಿ ಎಡೆಬಿಡದೆ ಕಟ್ಟಲ್ಪಡುತ್ತವೆಯೆಂದು ಷೋನ್‌ಹೈಮರನು ೧೯೩೦ರ ದಶಕದಲ್ಲಿ ಗುರುತುಮಾಡಿದ ಪರಮಾಣುಗಳಿಂದ ತೋರಿಸಿದನು. ಇಲ್ಲಿ ಉರಿಯೇ ಒಲೆಯನ್ನು ಕಟ್ಟುತ್ತದೆ.

೬

ಭದ್ರಾವತಿಯ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಕಾಡಿನ ಇದ್ದಲಿಗೆ ಮಿತಿಯುಂಟೆಂಬುದನ್ನು ಕುಲುಮೆಯು ತಾನಾಗಿ ಅರಿಯಲಾರದು. ೧೯೫೦ರ ದಶಕದಲ್ಲಿ ವಿದ್ಯುತ್ ಕುಲುಮೆಗಳನ್ನು ಮನುಷ್ಯರು ನಿರ್ಮಿಸಬೇಕಾಯಿತು. ೧೯೯೮ರಲ್ಲಿ ಕಾರ್ಖಾನೆಯು ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. ಅದನ್ನು ಮುಚ್ಚುವ ನಿರ್ಣಯವು ೨೦೨೩ರ ಜನವರಿಯಲ್ಲಿ ಪ್ರಕಟವಾಯಿತು. ಆರಿದ ಕುಲುಮೆಯನ್ನು ಮತ್ತೆ ಹೊತ್ತಿಸಬಹುದು; ದೇಹಾಗ್ನಿಯು ಆರಿದರೆ ಮರಣವೆಂದು ಚರಕನು ನಿಷ್ಕರ್ಷಿಸಿರುವನು.

ಇಂಥ ಕಬ್ಬಿಣದ ಸೀಮೆಯಲ್ಲಿಯೇ ಪಾಂಡುವೂ ಬಹುಕಾಲ ನೆಲಸಿತ್ತು. ಮಲೆನಾಡಿನ ಚಳಿಜ್ವರವು ಕೆಂಪುಕಣಗಳನ್ನು ಒಡೆದು, ಜ್ವರಗಡ್ಡೆಯೆಂದು ಜನರು ಕರೆಯುವ ಪ್ಲೀಹವೃದ್ಧಿಯನ್ನು ಉಂಟುಮಾಡುತ್ತಿತ್ತು. ಚಳಿಜ್ವರವು ತಗ್ಗಿದರೂ ಬಿಳಿಚಿಕೆಯು ತೊಲಗಲಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರು. ಬೆಟ್ಟದ ತುಂಬ ಅದಿರು, ಕಾಲಡಿಯಲ್ಲಿ ಕೆಮ್ಮಣ್ಣು. ಆದರೂ ದಿನಕ್ಕೆ ಒಂದೆರಡು ಮಿಲಿಗ್ರಾಂ ದೇಹದ ಮಡೆಯನ್ನು ದಾಟುವುದಿಲ್ಲ. ದ್ರವ್ಯವು ಇದ್ದ ಮಾತ್ರಕ್ಕೆ ಧಾತುವಾಗದು, ಪಾಕವಾಗಿ ಸ್ರೋತಸ್ಸನ್ನು ಸೇರಿದಾಗಲೇ ಧಾತುವೆನಿಸುವುದು ಎಂಬ ಶಾಸ್ತ್ರಸಿದ್ಧಾಂತವು ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಧಾತು, ಪಾಕ, ಕಿಟ್ಟಗಳೆಂಬ ಪರಿಭಾಷೆಯು ದೇಹಲೋಹಗಳೆರಡಕ್ಕೂ ದ್ರವ್ಯವಿನಿಮಯದ ವಿಷಯದಲ್ಲಿ ಸಲ್ಲುತ್ತದೆ. ಸಾಮ್ಯವೆಂಬ ನಾಲ್ಕನೆಯ ಶಬ್ದವಾದರೋ ದೇಹಕ್ಕೆ ಮಾತ್ರ ಸ್ವತಸ್ಸಿದ್ಧವಾಗಿ ಸಲ್ಲುತ್ತದೆ. ವೈದ್ಯಶಾಸ್ತ್ರವು ಮೊದಲ ಮೂರು ಶಬ್ದಗಳನ್ನು ಲೋಹಶಾಸ್ತ್ರದೊಡನೆ ಹಂಚಿಕೊಂಡು, ತನ್ನ ಪ್ರಯೋಜನವನ್ನು ಹೇಳುವಾಗ ಮಾತ್ರ ಧಾತುಸಾಮ್ಯವೆಂದದ್ದು ವಿಚಾರಪೂರ್ವಕವೇ ಸರಿ.