ಆಂಡ್ರಾಯ್ಡ್ ಆ್ಯಪ್ ಅಭಿವೃದ್ಧಿ

ಆಂಡ್ರಾಯ್ಡ್ ಆ್ಯಪ್ ಅಭಿವೃದ್ಧಿ ಎಂದರೆ ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಮೊಬೈಲ್ ಫೋನ್, ಟ್ಯಾಬ್ಲೆಟ್ ಮೊದಲಾದ ಸಾಧನಗಳಲ್ಲಿ ಬಳಸುವ ತಂತ್ರಾಂಶಗಳನ್ನು ರಚಿಸುವ, ಪರೀಕ್ಷಿಸುವ, ಬಿಡುಗಡೆ ಮಾಡುವ ಮತ್ತು ಅನಂತರವೂ ನಿರ್ವಹಿಸುವ ಕಾರ್ಯವಾಗಿದೆ. ಇದಕ್ಕೆ ಬೇಕಾದ ಮುಖ್ಯ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಆದರೆ ಸಾಧನಗಳಿದ್ದ ಮಾತ್ರಕ್ಕೆ ಉತ್ತಮ ಆ್ಯಪ್ ಸಿದ್ಧವಾಗುವುದಿಲ್ಲ; ಕೋಡ್ ಬರೆಯುವಲ್ಲಿ ಅನುಸರಿಸುವ ಶಿಸ್ತಿನ ಮೇಲೆ ಅದರ ವೇಗ, ಭದ್ರತೆ ಮತ್ತು ಬಾಳಿಕೆ ಅವಲಂಬಿಸಿರುತ್ತವೆ.

ಹಿನ್ನೆಲೆ

ಆಂಡ್ರಾಯ್ಡ್ ಆಧಾರಿತ ಮೊದಲ ಫೋನ್ 2008ರಲ್ಲಿ ಮಾರುಕಟ್ಟೆಗೆ ಬಂದಿತು. ಆರಂಭದ ವರ್ಷಗಳಲ್ಲಿ ಆ್ಯಪ್‌ಗಳನ್ನು ಜಾವಾ ಭಾಷೆಯಲ್ಲಿ, ಸಾಮಾನ್ಯವಾಗಿ ಎಕ್ಲಿಪ್ಸ್ ಎಂಬ ತಂತ್ರಾಂಶದ ನೆರವಿನಿಂದ ಬರೆಯಲಾಗುತ್ತಿತ್ತು. ಗೂಗಲ್ ಸಂಸ್ಥೆಯು 2013ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ ಸ್ಟುಡಿಯೋವನ್ನು ಪ್ರಕಟಿಸಿತು, ಅದರ 1.0 ಆವೃತ್ತಿಯು 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಜೆಟ್‌ಬ್ರೇನ್ಸ್ ಸಂಸ್ಥೆಯು ರೂಪಿಸಿದ ಕಾಟ್ಲಿನ್ ಭಾಷೆಗೆ ಗೂಗಲ್ 2017ರಲ್ಲಿ ಅಧಿಕೃತ ಬೆಂಬಲ ನೀಡಿತು. 2019ರಿಂದ ಕಾಟ್ಲಿನ್ ಆಂಡ್ರಾಯ್ಡ್‌ನ ಆದ್ಯತೆಯ ಭಾಷೆಯಾಗಿದೆ.

ಪ್ರಮುಖ ಸಾಧನಗಳು

* ಆಂಡ್ರಾಯ್ಡ್ ಸ್ಟುಡಿಯೋ: ಕೋಡ್ ಬರೆಯುವ, ತಪ್ಪುಗಳನ್ನು ತೋರಿಸುವ ಮತ್ತು ಪರದೆಯ ವಿನ್ಯಾಸವನ್ನು ಕಾಣಿಸುವ ಸಮಗ್ರ ತಂತ್ರಾಂಶ. ಇದು ಜೆಟ್‌ಬ್ರೇನ್ಸ್‌ನ ಇಂಟೆಲಿಜೆ ಐಡಿಯಾವನ್ನು ಆಧರಿಸಿದೆ.
* ಎಮ್ಯುಲೇಟರ್: ಫೋನ್ ಇಲ್ಲದೆಯೇ ಗಣಕದಲ್ಲಿ ಆ್ಯಪ್ ನಡೆಸಿ ನೋಡುವ ಸೌಲಭ್ಯ. ಆದರೂ ಕಡಿಮೆ ಸಾಮರ್ಥ್ಯದ ನಿಜವಾದ ಫೋನಿನಲ್ಲಿ ಪರೀಕ್ಷಿಸುವುದು ಅಗತ್ಯ.
* ಗ್ರೇಡಲ್: ಬರೆದ ಕೋಡನ್ನೂ ಅದಕ್ಕೆ ಬೇಕಾದ ಗ್ರಂಥಾಲಯ ಕಡತಗಳನ್ನೂ ಒಗ್ಗೂಡಿಸಿ ಆ್ಯಪ್ ಸಿದ್ಧಪಡಿಸುತ್ತದೆ.
* ಲಾಗ್‌ಕ್ಯಾಟ್ ಮತ್ತು ಪ್ರೊಫೈಲರ್: ಮೊದಲನೆಯದು ಆ್ಯಪ್ ನಡೆಯುವಾಗಿನ ಸಂದೇಶಗಳನ್ನೂ ದೋಷಗಳನ್ನೂ ತೋರಿಸುತ್ತದೆ, ಎರಡನೆಯದು ಸ್ಮೃತಿ ಮತ್ತು ಸಂಸ್ಕಾರಕದ ಬಳಕೆಯನ್ನು ಅಳೆಯುತ್ತದೆ.
* ಗಿಟ್: ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಆವೃತ್ತಿ ನಿಯಂತ್ರಣ ವ್ಯವಸ್ಥೆ. ಪ್ರತಿಯೊಂದು ಬದಲಾವಣೆಯ ದಾಖಲೆ ಉಳಿಯುವುದರಿಂದ, ತಪ್ಪಾದಾಗ ಹಿಂದಿನ ಸ್ಥಿತಿಗೆ ಮರಳಬಹುದು.

ಕೋಡ್ ಬರವಣಿಗೆಯ ರೂಢಿಗಳು

ಪರದೆಯನ್ನು ಚಿತ್ರಿಸುವ ಕೆಲಸ ಆ್ಯಪ್‌ನ ಮುಖ್ಯ ಥ್ರೆಡ್‌ನಲ್ಲಿ ನಡೆಯುತ್ತದೆ. ಪರದೆಯು ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವುದಾದರೆ ಪ್ರತಿ ಚಿತ್ರಕ್ಕೆ ಸುಮಾರು 16 ಮಿಲಿಸೆಕೆಂಡುಗಳಷ್ಟೇ ದೊರೆಯುತ್ತವೆ. ಆದ್ದರಿಂದ ಅಂತರಜಾಲದಿಂದ ಮಾಹಿತಿ ತರುವುದು, ದತ್ತಸಂಚಯವನ್ನು ಓದುವುದು ಮುಂತಾದ ನಿಧಾನದ ಕೆಲಸಗಳನ್ನು ಬೇರೆ ಥ್ರೆಡ್‌ಗೆ ವಹಿಸಬೇಕು. ಬಳಕೆದಾರನ ಸ್ಪರ್ಶಕ್ಕೆ 5 ಸೆಕೆಂಡುಗಳವರೆಗೂ ಪ್ರತಿಕ್ರಿಯೆ ಬಾರದಿದ್ದರೆ ಆ್ಯಪ್ ಸ್ಪಂದಿಸುತ್ತಿಲ್ಲವೆಂದು ವ್ಯವಸ್ಥೆಯು ಪರಿಗಣಿಸುತ್ತದೆ.

ಪರದೆ, ಮಾಹಿತಿ ಮತ್ತು ಅವೆರಡರ ನಡುವಣ ತರ್ಕ ಇವುಗಳ ಕೋಡನ್ನು ಪ್ರತ್ಯೇಕವಾಗಿ ಬರೆಯುವುದು ಇನ್ನೊಂದು ರೂಢಿ. ಹೀಗೆ ಮಾಡಿದರೆ ಒಂದು ಭಾಗವನ್ನು ಬದಲಿಸಿದಾಗ ಉಳಿದವು ಕೆಡುವ ಸಂಭವ ಕಡಿಮೆ. ಪ್ರತಿ ಭಾಗಕ್ಕೂ ಸ್ವಯಂಚಾಲಿತ ಪರೀಕ್ಷೆಗಳನ್ನು ಬರೆಯುವುದೂ ಸುಲಭವಾಗುತ್ತದೆ.

ಕನ್ನಡದ ಅಳವಡಿಕೆ

2014ರಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿಯಲ್ಲಿ ಕನ್ನಡವು ವ್ಯವಸ್ಥೆಯ ಭಾಷೆಗಳ ಪಟ್ಟಿಗೆ ಸೇರಿತು. ಪರದೆಯ ಮೇಲೆ ಕಾಣುವ ಪದಗಳನ್ನು ಕೋಡ್‌ನ ನಡುವೆ ಬರೆಯದೆ ಪ್ರತ್ಯೇಕ ಕಡತದಲ್ಲಿ ಇರಿಸಿದರೆ, ಕನ್ನಡ ಅನುವಾದದ ಕಡತವೊಂದನ್ನು ಸೇರಿಸುವುದರಿಂದಲೇ ಆ್ಯಪ್ ಕನ್ನಡದಲ್ಲಿ ಕಾಣಿಸುತ್ತದೆ.

ಆದರೆ ಇಂಗ್ಲಿಷಿಗೆ ಹೊಂದುವ ಕ್ರಮಗಳೆಲ್ಲ ಕನ್ನಡಕ್ಕೆ ಹೊಂದುವುದಿಲ್ಲ. 'ಕನ್ನಡ' ಎಂಬ ಪದದಲ್ಲಿ ಓದುಗನಿಗೆ ಕಾಣುವುದು 3 ಅಕ್ಷರಗಳು. ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಅವು 15 ಬೈಟ್‌ಗಳಾಗುತ್ತವೆ. ಸಂಕೇತಗಳನ್ನು ಎಣಿಸಿ ಪದವನ್ನು ಮೊಟಕುಗೊಳಿಸುವ ಆ್ಯಪ್‌ನಲ್ಲಿ ಒತ್ತಕ್ಷರವು ನಡುವೆಯೇ ತುಂಡಾಗಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರವನ್ನೂ ಹೆಚ್ಚಿಸಬೇಕಾಗುತ್ತದೆ.

ವಿಭಕ್ತಿ ಪ್ರತ್ಯಯಗಳದು ಇನ್ನೊಂದು ಸಮಸ್ಯೆ. ಬಳಕೆದಾರನ ಹೆಸರಿನ ಮುಂದೆ 'ನಿಗೆ' ಎಂದು ಸೇರಿಸುವಂತೆ ಬರೆದರೆ 'ರಾಮನಿಗೆ' ಸರಿಯಾಗುತ್ತದೆ, 'ಸೀತೆನಿಗೆ' ತಪ್ಪಾಗುತ್ತದೆ. ಹೆಸರಿಗೆ ಪ್ರತ್ಯಯವೇ ಬೇಡವಾಗುವಂತೆ 'ಸ್ವೀಕರಿಸುವವರು: ಸೀತೆ' ಎಂದು ವಾಕ್ಯವನ್ನು ಮಾರ್ಪಡಿಸುವುದು ಸರಳ ಪರಿಹಾರ.

ಭದ್ರತೆ ಮತ್ತು ಖಾಸಗಿತನ

ಬಿಡುಗಡೆಯಾದ ಆ್ಯಪ್‌ನ ಕಡತವನ್ನು ಬಿಡಿಸಿ ನೋಡಲು ಸಾಧ್ಯವಿರುವುದರಿಂದ ಗುಪ್ತಪದ, ಸರ್ವರ್‌ನ ರಹಸ್ಯ ಕೀಲಿ ಮುಂತಾದವನ್ನು ಕೋಡ್‌ನಲ್ಲಿ ಬರೆಯಬಾರದು. 2015ರ ಆಂಡ್ರಾಯ್ಡ್ 6.0ರಿಂದ ಕ್ಯಾಮೆರಾ, ಸ್ಥಳ, ಸಂಪರ್ಕ ಪಟ್ಟಿ ಮೊದಲಾದವುಗಳ ಬಳಕೆಗೆ ಆ್ಯಪ್ ನಡೆಯುತ್ತಿರುವಾಗಲೇ ಬಳಕೆದಾರನ ಅನುಮತಿ ಪಡೆಯಬೇಕು. ಅಗತ್ಯವಿಲ್ಲದ ಅನುಮತಿಯನ್ನು ಕೇಳದಿರುವುದು, ಅನುಮತಿ ನಿರಾಕರಿಸಿದಾಗಲೂ ಆ್ಯಪ್‌ನ ಉಳಿದ ಭಾಗ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಉತ್ತಮ ಪದ್ಧತಿ. ಭಾರತದಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಪ್ರತ್ಯೇಕ ಅಧಿನಿಯಮವನ್ನು ರೂಪಿಸಲಾಗಿದೆ.

ಬಿಡುಗಡೆ ಮತ್ತು ನಿರ್ವಹಣೆ

ಪ್ರತಿ ಆ್ಯಪ್‌ಗೆ ಅಭಿವರ್ಧಕನ ಡಿಜಿಟಲ್ ಸಹಿ ಇರಬೇಕು. ಹೊಸ ಆವೃತ್ತಿಯ ಸಹಿ ಹಳೆಯದಕ್ಕೆ ಹೊಂದದಿದ್ದರೆ ಫೋನ್ ಅದನ್ನು ನವೀಕರಣವೆಂದು ಸ್ವೀಕರಿಸುವುದಿಲ್ಲ. ಆದಕಾರಣ ಸಹಿಯ ಕೀಲಿಯನ್ನು ಸ್ವತಃ ಇಟ್ಟುಕೊಂಡವರು ಅದನ್ನು ಕಳೆದುಕೊಂಡರೆ, ಈಗಾಗಲೇ ಆ್ಯಪ್ ಬಳಸುತ್ತಿರುವವರಿಗೆ ತಿದ್ದುಪಡಿ ತಲುಪಿಸಲಾಗದು. ಕೀಲಿಯ ಪ್ರತಿಯನ್ನು ಸುರಕ್ಷಿತವಾಗಿ ಬೇರೆಡೆ ಕಾಯ್ದಿಡುವುದು ಇದಕ್ಕಾಗಿಯೇ. 2021ರ ಆಗಸ್ಟ್‌ನಿಂದ ಗೂಗಲ್ ಪ್ಲೇಯಲ್ಲಿ ಪ್ರಕಟವಾಗುವ ಹೊಸ ಆ್ಯಪ್‌ಗಳು ಆ್ಯಪ್ ಬಂಡಲ್ ರೂಪದಲ್ಲಿರಬೇಕು. ಈ ಕ್ರಮದಲ್ಲಿ ಅಂತಿಮ ಸಹಿಯ ಕೀಲಿಯು ಗೂಗಲ್‌ನ ಬಳಿ ಇರುತ್ತದೆ. ಅಭಿವರ್ಧಕನ ಬಳಿಯಿರುವ ಅಪ್‌ಲೋಡ್ ಕೀಲಿ ಕಳೆದರೆ ಹೊಸದನ್ನು ಪಡೆಯಬಹುದು.